ಕರಗುವಿಕೆ ಮತ್ತು ಅಣುಗಳ ಧ್ರುವೀಯತೆ

ಶೇಂಗಾ ಎಣ್ಣೆಯು ನೀರಿನಲ್ಲಿ ಏಕೆ ಕರಗುವುದಿಲ್ಲವೆಂದು ಕೇಳಿದರೆ, "ಎಣ್ಣೆ ಹಗುರ, ಅದಕ್ಕೇ ತೇಲುತ್ತದೆ" ಎಂಬ ಉತ್ತರ ಬಹುತೇಕ ಎಲ್ಲ ತರಗತಿಗಳಲ್ಲಿಯೂ ಬರುತ್ತದೆ. ಅದನ್ನು ಸರಿಯೆಂದು ಒಪ್ಪಿ ಪಾಠ ಮುಂದುವರಿಸುವುದುಂಟು. ಮೊದಲ ವರ್ಷಗಳಲ್ಲಿ ನಾನೂ ಹಾಗೆಯೇ ಮಾಡಿದವನು. ಆದರೆ ಎಥನಾಲಿನ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ ಸುಮಾರು 0.79 ಗ್ರಾಂ, ಎಣ್ಣೆಯದು ಸುಮಾರು 0.91. ಎಣ್ಣೆಗಿಂತಲೂ ಹಗುರವಾದ ಎಥನಾಲ್ ನೀರಿನೊಡನೆ ಯಾವ ಪ್ರಮಾಣದಲ್ಲಿಯಾದರೂ ಬೆರೆಯುತ್ತದೆ. ಬೆರೆಯದ ದ್ರವಗಳಲ್ಲಿ ಯಾವುದು ಮೇಲೆ ನಿಲ್ಲುವುದೆಂಬುದನ್ನಷ್ಟೇ ಸಾಂದ್ರತೆ ನಿರ್ಧರಿಸುತ್ತದೆ. ಬೆರೆಯುವುದೋ ಇಲ್ಲವೋ ಎಂಬುದು ಅಣುಗಳ ನಡುವಣ ಆಕರ್ಷಣೆಯನ್ನು ಅವಲಂಬಿಸಿದೆ.

ನೀರಿನ ಅಣುವಿನಲ್ಲಿ ಆಕ್ಸಿಜನ್, ಬಂಧದ ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಹೆಚ್ಚು ಸೆಳೆಯುತ್ತದೆ. ಅಣುವು ಸುಮಾರು 104.5° ಕೋನದಲ್ಲಿ ಬಾಗಿರುವುದರಿಂದ ಒಂದು ಬದಿ ಭಾಗಶಃ ಋಣ, ಇನ್ನೊಂದು ಬದಿ ಭಾಗಶಃ ಧನ. ಇದೇ ಧ್ರುವೀಯತೆ. ಎಣ್ಣೆಯ ಅಣುವಿನ ಬಹುಭಾಗ ಕಾರ್ಬನ್-ಹೈಡ್ರೋಜನ್ ಸರಪಳಿ. ಅಲ್ಲಿ ನೀರಿಗೆ ಹಿಡಿತ ಸಿಗದು. ಅದೇ ಎಣ್ಣೆ ಅಧ್ರುವೀಯವಾದ ಹೆಕ್ಸೇನಿನಲ್ಲಿ ಸುಲಭವಾಗಿ ಕರಗುತ್ತದೆ. ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಕಾರ್ಖಾನೆಗಳಲ್ಲಿ ಹೊರತೆಗೆಯುವುದು ಹೀಗೆಯೇ.

ಎಮ್ಮಿಗನೂರಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯೊಂದಿದೆ. ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘವನ್ನು ಕಟ್ಟಿದ ಊರಿದು. ಮಗ್ಗ ಕಂಡ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಅವರ ಮುಂದೆ ಈ ತೊಡಕನ್ನಿಡಿರಿ: ಬಣ್ಣವು ನೀರಿನಲ್ಲಿ ಕರಗದಿದ್ದರೆ ನೂಲಿನೊಳಗೆ ಹೋಗುವುದು ಹೇಗೆ? ಕರಗುವುದಾದರೆ ಒಗೆದಾಗ ಬಿಡದಿರುವುದು ಹೇಗೆ?

ಇಂಡಿಗೊ ನೀಲಿಯು ನೀರಿನಲ್ಲಿ ಕರಗದು. ಅದರಲ್ಲಿ ಧ್ರುವೀಯ ಗುಂಪುಗಳಿಲ್ಲವೆಂದಲ್ಲ. ಚಪ್ಪಟೆಯಾದ ಅದರ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಕಾಸ್ಟಿಕ್ ಸೋಡಾ ಬೆರೆತ ನೀರಿನಲ್ಲಿ ಸೋಡಿಯಂ ಹೈಡ್ರೋಸಲ್ಫೈಟಿನಿಂದ ಅಪಕರ್ಷಿಸಿದಾಗ ಅದರ ಆಕ್ಸಿಜನ್ನುಗಳ ಮೇಲೆ ಋಣ ಆವೇಶ ಬರುತ್ತದೆ. ಈಗ ನೀರಿನ ಅಣುಗಳು ತಮ್ಮ ಧನ ಬದಿಯಿಂದ ಅದನ್ನು ಸುತ್ತುವರಿಯುತ್ತವೆ. ಬಣ್ಣ ಕರಗುತ್ತದೆ, ನೀಲಿ ಹೋಗಿ ಹಳದಿ-ಹಸಿರಾಗುತ್ತದೆ. ನೂಲು ಅದನ್ನು ಹೀರಿಕೊಂಡ ಬಳಿಕ ಲಡಿಯನ್ನು ಗಾಳಿಗೆ ಹಿಡಿದರೆ ಉತ್ಕರ್ಷಣಗೊಂಡು ಮತ್ತೆ ನೀಲಿಯಾಗಿ, ಕರಗದ ರೂಪದಲ್ಲಿ ಎಳೆಯೊಳಗೇ ಉಳಿಯುತ್ತದೆ.

"ಸಮಾನವು ಸಮಾನವನ್ನು ಕರಗಿಸುತ್ತದೆ" ಎಂಬ ಸೂತ್ರವನ್ನು ಇಷ್ಟಾದ ಮೇಲೆಯೇ ಹೇಳಿರಿ, ಅದರ ಮಿತಿಯೊಡನೆ. ಕಡಪ ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟ್ ಅಯಾನುಗಳಿಂದಲೇ ಆಗಿದ್ದರೂ ನೀರಿನಲ್ಲಿ ಕರಗುವುದು ಅತ್ಯಲ್ಪ. ಅಯಾನುಗಳ ಪರಸ್ಪರ ಸೆಳೆತವನ್ನು ನೀರು ಮೀರಲಾರದು. ಎಣ್ಣೆ-ನೀರಿನ ಪ್ರಯೋಗವನ್ನು ಮಕ್ಕಳೇ ಮಾಡಲಿ. ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುವುದರಿಂದ ಬಣ್ಣದ ತೊಟ್ಟಿಯನ್ನು ಮಾತ್ರ ದೂರದಿಂದಲೇ ತೋರಿಸಿರಿ.