ಕಂಬವೇರುವ ವಿದ್ಯೆ



ಇಂತಹ ವೇದಿಕೆಯಿಂದ ಸಾಹಿತ್ಯವನ್ನೋ ಸಂಗೀತವನ್ನೋ ಕುರಿತು ಕೇಳುವುದು ನಮಗೆಲ್ಲ ರೂಢಿ. ಇಂದು ನಾವು ವಿದ್ಯುತ್ ಮಾರ್ಗದ ಕೆಲಸಗಾರನ, ಅಂದರೆ ಊರಿನಲ್ಲಿ ಲೈನ್‌ಮನ್ ಎಂದು ಕರೆಯುತ್ತಿದ್ದವನ, ತರಬೇತಿಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಅದಕ್ಕೊಂದು ಕಾರಣವಿದೆ. ನಮಗೆ ಬಹುಕಾಲದಿಂದ ಪರಿಚಿತವಾದ ಒಂದು ಕನ್ನಡ ಮನೆಯ ಹುಡುಗ ಹೈಸ್ಕೂಲು ಮುಗಿಸುವ ವರ್ಷದಲ್ಲಿ, ತಾನು ಕಾಲೇಜಿಗೆ ಹೋಗುವುದಿಲ್ಲ, ಲೈನ್‌ಮನ್ ಶಾಲೆಗೆ ಸೇರುತ್ತೇನೆ ಎಂದ. ತಂದೆ ಮೌನವಾದರು. ತಾಯಿ, “ಕಂಬ ಹತ್ತಲಿ ಎಂದು ನಿನ್ನನ್ನು ಇಷ್ಟು ದೂರದ ದೇಶದಲ್ಲಿ ಬೆಳೆಸಿದೆವೇನೋ?” ಎಂದರು. ಆ ಮಾತಿನಲ್ಲಿ ಎರಡು ಅಳುಕುಗಳಿದ್ದವು. ನಾಲ್ಕು ಜನ ಏನೆಂದಾರು ಎಂಬುದು ಒಂದು. ಮಗ ಪ್ರತಿ ಸಂಜೆ ಕ್ಷೇಮವಾಗಿ ಮನೆಗೆ ಬಂದಾನೇ ಎಂಬುದು ಇನ್ನೊಂದು. ಮೊದಲನೆಯದನ್ನು ಕಾಲಕ್ಕೆ ಬಿಡಬಹುದು. ಎರಡನೆಯದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ.

ಈ ವೃತ್ತಿ ನಮ್ಮ ನಾಡಿಗೆ ಹೊಸದಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಂದಿನ ಮೈಸೂರು ಸಂಸ್ಥಾನಕ್ಕೆ ಅದರ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಇದೇ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹೊತ್ತಿದವು. ಅಂದಿನಿಂದ ಇಂದಿನವರೆಗೆ ಮಳೆಗಾಲದ ರಾತ್ರಿಗಳಲ್ಲಿ ಕಂಬ ಹತ್ತಿದವರು ಲೈನ್‌ಮನ್ನರು. ಈಗ ಕರ್ನಾಟಕದಲ್ಲಿ ಆ ಹುದ್ದೆಗೆ ಕಿರಿಯ ಪವರ್‌ಮ್ಯಾನ್ ಎಂದು ಹೆಸರು. 2024ರಲ್ಲಿ ಅರ್ಜಿ ಕರೆದಾಗ ಎಸ್.ಎಸ್.ಎಲ್.ಸಿ. ಉತ್ತೀರ್ಣರಾಗಿರಬೇಕೆಂಬುದರೊಂದಿಗೆ ಎಂಟು ಮೀಟರ್ ಎತ್ತರದ ಕಂಬ ಹತ್ತುವ ಪರೀಕ್ಷೆಯನ್ನೂ ಕಡ್ಡಾಯ ಮಾಡಿದ್ದರು. ಅಲ್ಲಿಯ ಕೆಲಸಗಾರರ ಬಾಯಲ್ಲಿ ‘ಲೈನ್ ಕ್ಲಿಯರ್’ ಎಂಬ ಒಂದು ಮಾತಿದೆ. ಉಪಕೇಂದ್ರದಲ್ಲಿ ಮಾರ್ಗದ ವಿದ್ಯುತ್ತನ್ನು ನಿಲ್ಲಿಸಿ, ಕೆಲಸ ಮಾಡಬಹುದೆಂದು ಕೊಡುವ ಅನುಮತಿ ಅದು. ಈ ವಿದ್ಯೆಯ ಅರ್ಧ ತಿರುಳು ಆ ಎರಡು ಪದಗಳಲ್ಲಿದೆ. ಉಳಿದ ಅರ್ಧವೆಂದರೆ, ಆ ಅನುಮತಿ ಕೈಗೆ ಬಂದ ಮೇಲೂ ಅದೊಂದನ್ನೇ ನಂಬಿ ತಂತಿಯನ್ನು ಮುಟ್ಟದಿರುವುದು.

ಅಮೆರಿಕದಲ್ಲಿ ಈ ವೃತ್ತಿಯ ಆರಂಭದ ದಿನಗಳು ಕರುಣಾಜನಕವಾಗಿದ್ದವು. ಕ್ರಮಬದ್ಧವಾದ ಶಿಕ್ಷಣವಿರಲಿಲ್ಲ, ಕಂಡು ಕಲಿಯಬೇಕಿತ್ತು, ಕಲಿಯುವ ಮೊದಲೇ ಅನೇಕರು ಸಾಯುತ್ತಿದ್ದರು. ಹೆನ್ರಿ ಮಿಲ್ಲರ್ ಎಂಬ ಲೈನ್‌ಮನ್ 1891ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಹತ್ತು ಮಂದಿ ಪ್ರತಿನಿಧಿಗಳ ಸಭೆ ಸೇರಿಸಿ ವಿದ್ಯುತ್ ಕೆಲಸಗಾರರ ಸಂಘವನ್ನು ಸ್ಥಾಪಿಸಿದರು. ಅದರ ಮೊದಲ ಅಧ್ಯಕ್ಷರೂ ಅವರೇ. ಐದು ವರ್ಷಗಳ ತರುವಾಯ, 1896ರಲ್ಲಿ, ವಾಷಿಂಗ್‌ಟನ್ನಿನಲ್ಲಿ ಬಿರುಗಾಳಿಗೆ ಕೆಟ್ಟ ಮಾರ್ಗವನ್ನು ಸರಿಪಡಿಸುತ್ತಿದ್ದಾಗ ವಿದ್ಯುತ್ತಿನ ಹೊಡೆತಕ್ಕೆ ಸಿಕ್ಕಿ, ಕಂಬದಿಂದ ಬಿದ್ದು ತೀರಿಕೊಂಡರು. ಇಂದಿನ ಶಿಷ್ಯವೃತ್ತಿಯ ಪದ್ಧತಿ ಅಂತಹ ಸಾವುಗಳ ಪಾಠದಿಂದ ರೂಪುಗೊಂಡಿದೆ.

ಆ ಪದ್ಧತಿಯ ಹೊಸ್ತಿಲಲ್ಲಿ ಈಗ ಲೈನ್‌ಮನ್ ಶಾಲೆಗಳಿವೆ. ಐಡಹೋ ರಾಜ್ಯದಲ್ಲಿ 1993ರಲ್ಲಿ ಆರಂಭವಾದ ನಾರ್ತ್‌ವೆಸ್ಟ್ ಲೈನ್‌ಮನ್ ಕಾಲೇಜು ಇವುಗಳಲ್ಲಿ ಹೆಸರುವಾಸಿಯಾದದ್ದು. ಅಲ್ಲಿಯ ಪ್ರಾರಂಭಿಕ ಶಿಕ್ಷಣ 15 ವಾರಗಳದು. ಶಾಲೆಯ ಹಿತ್ತಿಲಿನಲ್ಲಿ ವಿದ್ಯುತ್ತಿಲ್ಲದ ಕಂಬಗಳ ತೋಪೇ ಇರುತ್ತದೆ. ವಿದ್ಯಾರ್ಥಿ ಕಾಲಿಗೆ ಉಕ್ಕಿನ ಮೊನೆಯುಳ್ಳ ಕೊಕ್ಕೆಗಳನ್ನು ಕಟ್ಟಿಕೊಂಡು ಮರದ ಕಂಬಕ್ಕೆ ಚುಚ್ಚಿ ಚುಚ್ಚಿ ಮೇಲೇರುತ್ತಾನೆ. ಹೊಸಬನಿಗೆ ಭಯವಾದಾಗ ಕಂಬವನ್ನು ತಬ್ಬಿಕೊಳ್ಳಬೇಕೆನ್ನಿಸುತ್ತದೆ. ಅದೇ ತಪ್ಪು. ತಬ್ಬಿಕೊಂಡರೆ ಕಾಲು ಕಂಬಕ್ಕೆ ಸಮಾನಾಂತರವಾಗಿ, ಕೊಕ್ಕೆಯ ಮೊನೆ ಕಿತ್ತುಕೊಂಡು ಜಾರುತ್ತದೆ. ಮೊಣಕಾಲನ್ನು ಕಂಬದಿಂದ ದೂರವಿಟ್ಟು, ಸೊಂಟವನ್ನು ಹಿಂದಕ್ಕೆ ಚಾಚಿ, ಪಟ್ಟಿಗೆ ಮೈಭಾರ ಕೊಟ್ಟು ನಿಂತರೆ ಮೊನೆ ಗಟ್ಟಿಯಾಗಿ ಕಚ್ಚುತ್ತದೆ. ಇದನ್ನು ಓದಿ ತಿಳಿಯಬಹುದು. ಆದರೆ ಮೈ ಒಪ್ಪಬೇಕಾದರೆ ವಾರಗಟ್ಟಲೆ ಹತ್ತಿಳಿಯಬೇಕು. ಹಿಂದೆ ಹತ್ತುವಾಗ ಬಿದ್ದರೆ ತಡೆಯುವ ಆಸರೆಯಿಲ್ಲದಿರುವುದೇ ವಾಡಿಕೆಯಾಗಿತ್ತು. ಕಾರ್ಮಿಕರ ಸುರಕ್ಷತೆಯನ್ನು ನೋಡಿಕೊಳ್ಳುವ ಓಷಾ ಎಂಬ ಕೇಂದ್ರ ಸಂಸ್ಥೆ ತನ್ನ ನಿಯಮಗಳನ್ನು 2014ರಲ್ಲಿ ಪರಿಷ್ಕರಿಸಿತು. ಅದರಂತೆ 2015ರ ಏಪ್ರಿಲ್‌ನಿಂದ ಕಂಬವನ್ನು ಹತ್ತಿಳಿಯುವಾಗಲೂ ಬೀಳದಂತೆ ತಡೆಯುವ ಸಾಧನ ಸಾಮಾನ್ಯವಾಗಿ ಕಡ್ಡಾಯ.

ಹತ್ತುವುದಕ್ಕಿಂತ ಗಹನವಾದದ್ದು ಮುಟ್ಟುವ ವಿದ್ಯೆ. ಸತ್ತ ತಂತಿಗೂ ಜೀವವಿರುವ ತಂತಿಗೂ ನೋಟದಲ್ಲಿ ಭೇದವಿಲ್ಲ. ಆದುದರಿಂದ ನೆಲಕ್ಕೆ ಜೋಡಿಸುವವರೆಗೆ ಪ್ರತಿಯೊಂದು ತಂತಿಯೂ ಜೀವಂತವೆಂದೇ ಭಾವಿಸಬೇಕೆಂಬುದು ಮೊದಲ ಪಾಠ. ಮಾರ್ಗವನ್ನು ನಿಲ್ಲಿಸಿದ ಮೇಲೆ, ಮತ್ತಾರೂ ಅದನ್ನು ಚಾಲನೆ ಮಾಡದಂತೆ ಫಲಕ ತೂಗುಹಾಕಬೇಕು. ಅನಂತರ ಪರೀಕ್ಷಕ ಉಪಕರಣದಿಂದ ತಂತಿಯಲ್ಲಿ ಒತ್ತಡವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ತಂತಿಯನ್ನು ನೆಲಕ್ಕೆ ಜೋಡಿಸಬೇಕು. ಹಾಗೆ ಜೋಡಿಸುವಾಗ ನೆಲದ ಕಡೆಯ ತುದಿ ಮೊದಲು, ತಂತಿಯ ಕಡೆಯ ತುದಿ ಆಮೇಲೆ. ಬಿಚ್ಚುವಾಗ ಇದು ತಿರುವುಮುರುವು. ಕೈಗವಸಿನ ವಿಷಯದಲ್ಲಿಯೂ ಅಷ್ಟೇ ಕಟ್ಟುನಿಟ್ಟು. ರಬ್ಬರಿನ ಕೈಗವಸನ್ನು ತೊಡುವ ಮುನ್ನ ಅದರೊಳಗೆ ಗಾಳಿ ತುಂಬಿ, ಸೂಜಿಮೊನೆಯಷ್ಟು ತೂತಿದ್ದರೂ ಹಿಡಿಯಬೇಕು. ಆರು ತಿಂಗಳಿಗೊಮ್ಮೆ ಅದನ್ನು ವಿದ್ಯುತ್ ಒತ್ತಡದ ಪರೀಕ್ಷೆಗೂ ಒಳಪಡಿಸಬೇಕು.

ನಿಲ್ಲಿಸಿದ ಮಾರ್ಗಕ್ಕೆ ಮತ್ತೆ ಜೀವ ಹೇಗೆ ಬಂದೀತು ಎಂದು ತಾವು ಕೇಳಬಹುದು. ಬರುವುದು ಕೆಲವೊಮ್ಮೆ ನಮ್ಮ ನಿಮ್ಮ ಮನೆಗಳಿಂದಲೇ. ಬೀದಿಯ ಕಂಬದಲ್ಲಿರುವ ಟ್ರಾನ್ಸ್‌ಫಾರ್ಮರ್ 7,200 ವೋಲ್ಟನ್ನು 240 ವೋಲ್ಟಿಗೆ ಇಳಿಸಿ ಮನೆಗೆ ಕೊಡುತ್ತದೆನ್ನಿ. ಹಿಮಪಾತದಲ್ಲಿ ವಿದ್ಯುತ್ತು ಹೋದಾಗ ನಾವು ಜನರೇಟರ್ ತಂದು, ಅದರ ತಂತಿಯನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ, ಅದೇ ಟ್ರಾನ್ಸ್‌ಫಾರ್ಮರ್ ಹಿಮ್ಮುಖವಾಗಿ ದುಡಿದು 240 ವೋಲ್ಟನ್ನು 7,200 ವೋಲ್ಟಿಗೆ ಏರಿಸಿ ಬೀದಿಯ ತಂತಿಗೆ ಹರಿಸುತ್ತದೆ. ನಮ್ಮ ಫ್ರಿಜ್ಜಿನ ಹಾಲು ಉಳಿಯಲೆಂದು ಮಾಡಿದ ಉಪಾಯ ಯಾರದೋ ಮಗನ ಪ್ರಾಣ ತೆಗೆಯಬಲ್ಲದು. ಟ್ರಾನ್ಸ್‌ಫರ್ ಸ್ವಿಚ್ಚಿಲ್ಲದೆ ಮನೆಯ ತಂತಿಜಾಲಕ್ಕೆ ಜನರೇಟರನ್ನು ಜೋಡಿಸಲೇಬಾರದು. ಇಂದು ಈ ಒಂದು ಮಾತನ್ನು ತಾವು ಮನೆಗೆ ಕೊಂಡೊಯ್ದರೂ ನಮ್ಮ ಉಪನ್ಯಾಸ ಸಾರ್ಥಕ.

ಇಷ್ಟಾದರೂ ಅಪಾಯ ಪೂರ್ತಿಯಾಗಿ ತಪ್ಪುವುದಿಲ್ಲ. ಆದುದರಿಂದಲೇ ಗಾಯಗೊಂಡವನನ್ನು ಕಂಬದಿಂದ ಇಳಿಸುವುದೂ ಪಾಠದ ಭಾಗ. ಮನುಷ್ಯನ ತೂಕದ ಬೊಂಬೆಯನ್ನು ಮೇಲೆ ಕಟ್ಟಿರುತ್ತಾರೆ. ವಿದ್ಯಾರ್ಥಿ ಸಹಾಯಕ್ಕೆ ಕೂಗಿ ಹೇಳಿ, ಹತ್ತಿ, ಹಗ್ಗ ಬಿಗಿದು, ಪಟ್ಟಿ ಕತ್ತರಿಸಿ ಅದನ್ನು ಮೆಲ್ಲಗೆ ಇಳಿಸಬೇಕು. ಕ್ಯಾನ್ಸಸ್ ಪ್ರಾಂತದಲ್ಲಿ 1984ರಿಂದ ನಡೆಯುತ್ತಿರುವ ಲೈನ್‌ಮನ್ನರ ಸ್ಪರ್ಧೆಯಲ್ಲಿ ಇದಕ್ಕೆ ಕೊಡುವ ಕಾಲ ನಾಲ್ಕು ನಿಮಿಷ. ಇಬ್ಬರು ಅಥವಾ ಹೆಚ್ಚು ಜನ ದುಡಿಯುವ ಕಡೆ, ನಿಂತ ಹೃದಯವನ್ನು ಚೇತರಿಸುವ ಪ್ರಥಮ ಚಿಕಿತ್ಸೆ ಬಲ್ಲವರು ಇಬ್ಬರಾದರೂ ಇರಬೇಕೆಂದು ಓಷಾ ವಿಧಿಸಿದೆ. ಬಲ್ಲವನು ಒಬ್ಬನೇ ಇದ್ದು, ಅವನೇ ಬಿದ್ದರೆ ಎತ್ತುವವರಾರು?

ಹದಿನೈದು ವಾರಗಳ ಶಾಲೆ ಯಾರನ್ನೂ ಲೈನ್‌ಮನ್ ಮಾಡುವುದಿಲ್ಲವೆಂಬುದನ್ನು ತಂದೆತಾಯಿಗಳು ಮರೆಯಬಾರದು. ಅದು ಬಾಗಿಲು ಮಾತ್ರ. ಆಮೇಲೆ ಶಿಷ್ಯವೃತ್ತಿ, ಸುಮಾರು 7,000 ಗಂಟೆಗಳ ದುಡಿಮೆ, ಅಂದರೆ ಮೂರೂವರೆ ನಾಲ್ಕು ವರ್ಷ. ಮೊದಮೊದಲು ನೆಲದ ಮೇಲೆ ನಿಂತು ಗಂಟು ಹಾಕಿ ಸಾಮಾನು ಮೇಲೆ ಕಳಿಸುವ ಕೆಲಸ. ಬಳಿಕ ವಿದ್ಯುತ್ತಿಲ್ಲದ ತಂತಿ. ಬಹಳ ಕಾಲದ ಮೇಲೆ, ಅನುಭವಿಯ ಕಣ್ಣಳತೆಯಲ್ಲಿ, ಜೀವವಿರುವ ತಂತಿ. ಭಾರಿ ವಾಹನ ನಡೆಸುವ ಪರವಾನಗಿಯೂ ಸಾಮಾನ್ಯವಾಗಿ ಬೇಕಾಗುತ್ತದೆ. ಶಾಲೆಗೆ ಶುಲ್ಕ ಕೊಡಬೇಕು; ಶಿಷ್ಯವೃತ್ತಿಯಲ್ಲಿ ಸಂಬಳ ಬರುತ್ತದೆ, ವರ್ಷ ಕಳೆದಂತೆ ಏರುತ್ತದೆ. ಕೇಂದ್ರ ಸರ್ಕಾರದ 2023ರ ಲೆಕ್ಕದಂತೆ ಈ ವೃತ್ತಿಯವರಲ್ಲಿ ಅರ್ಧದಷ್ಟು ಮಂದಿಯ ವಾರ್ಷಿಕ ಸಂಪಾದನೆ 85,000 ಡಾಲರಿಗಿಂತ ಹೆಚ್ಚು. ಶಾಲೆ ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು: ಒಬ್ಬ ಶಿಕ್ಷಕನಿಗೆ ಎಷ್ಟು ವಿದ್ಯಾರ್ಥಿಗಳು? ಕಂಬದ ಮೇಲೆ ಎಷ್ಟು ಗಂಟೆಗಳ ಅಭ್ಯಾಸ? ಮುಗಿಸಿದವರಲ್ಲಿ ಎಷ್ಟು ಮಂದಿಗೆ ಶಿಷ್ಯವೃತ್ತಿ ದೊರೆತಿದೆ?

ಅಪಾಯವಿಲ್ಲವೆಂದು ಆ ತಾಯಿಗೆ ನಾವು ಹೇಳಲಿಲ್ಲ, ಹೇಳಿದ್ದರೆ ಸುಳ್ಳಾಗುತ್ತಿತ್ತು. ಈ ದೇಶದ ಅತ್ಯಂತ ಅಪಾಯಕರ ವೃತ್ತಿಗಳ ಪಟ್ಟಿಯಲ್ಲಿ ಇದೂ ಸೇರಿದೆ. ಆದರೆ ಆ ಅಪಾಯ ಹಣೆಬರಹವಲ್ಲ. ಬಹುಮಟ್ಟಿಗೆ ಕಲಿಕೆಯಿಂದ ಕಳೆಯಬಹುದಾದದ್ದು ಎಂದು ಹೇಳಿದೆವು. ವೈದ್ಯನಾಗುವವನನ್ನು ಕೇಳುವಂತೆ ಇವನನ್ನೂ, ಎಲ್ಲಿ ಕಲಿಯುತ್ತೀಯೆ, ಯಾರ ಕೈಕೆಳಗೆ ಕಲಿಯುತ್ತೀಯೆ ಎಂದು ಕೇಳುವುದು ಹಿರಿಯರಿಗೆ ಉಚಿತ. ಬರುವ ತಿಂಗಳು ಶಾಲೆಯ ಕಂಬಗಳ ತೋಪನ್ನು ನೋಡಿಬರಲು ತಂದೆತಾಯಿಗಳಿಬ್ಬರೂ ಮಗನೊಡನೆ ಹೊರಟಿದ್ದಾರೆ. ಮೇಲಿನ ಮೂರು ಪ್ರಶ್ನೆಗಳನ್ನು ತಾಯಿಯೇ ಬರೆದಿಟ್ಟುಕೊಂಡಿದ್ದಾರೆ.