ಮನೆಯೇ ಅಪಾಯವಾದವರಿಗೆ ಆಶ್ರಯ

ಮಧುರೆಯ ಇಬ್ಬರು ತರುಣಿಯರು, ತಮ್ಮ ಪರಸ್ಪರಾನುರಾಗವನ್ನು ಸಹಿಸದ ಮನೆಗಳನ್ನು ತೊರೆದು ಚೆನ್ನೈ ನಗರಕ್ಕೆ ಬಂದು, ಅಲ್ಲಿಯ ಕೆಲವು ಸ್ವಯಂಸೇವಾ ಸಂಸ್ಥೆಗಳ ನೆರವಿನಿಂದ ಒಂದು ನೆಲೆಯನ್ನು ಪಡೆದರು. ಇಬ್ಬರ ಮನೆಯವರೂ ಹುಡುಗಿ ಕಾಣೆಯಾಗಿದ್ದಾಳೆಂದು ದೂರು ದಾಖಲಿಸಿದರು. ಪೊಲೀಸರು ವಿಚಾರಣೆಗೆ ಬಂದರು. ತರುಣಿಯರು ರಕ್ಷಣೆಯನ್ನು ಕೋರಿ 2021ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಆ ಮೊಕದ್ದಮೆಯನ್ನು ಆಲಿಸಿದ ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್ ಅವರು, ಈ ವಿಷಯದಲ್ಲಿ ತಮ್ಮ ತಿಳಿವಳಿಕೆಯೇ ಅಪೂರ್ಣವೆಂಬುದನ್ನು ಮುಚ್ಚಿಡದೆ, ತೀರ್ಪು ಬರೆಯುವುದಕ್ಕೆ ಮೊದಲು ಒಬ್ಬ ಮನಶ್ಶಾಸ್ತ್ರಜ್ಞೆಯ ಎದುರು ಕುಳಿತು ಪಾಠ ಹೇಳಿಸಿಕೊಂಡರು. ಜೂನ್ 7ರಂದು ಅವರು ನೀಡಿದ ಆದೇಶದಲ್ಲಿ, ಕಾಣೆಯಾದವರೆಂಬ ದೂರಿನ ಹಿಂದೆ ಪರಸ್ಪರ ಒಪ್ಪಿ ಬಾಳುತ್ತಿರುವ ವಯಸ್ಕರಿದ್ದರೆ ಅವರ ಹೇಳಿಕೆಯನ್ನು ಪಡೆದು, ಯಾವ ಕಿರುಕುಳವನ್ನೂ ಕೊಡದೆ ದೂರನ್ನು ಮುಕ್ತಾಯಗೊಳಿಸತಕ್ಕದ್ದೆಂಬ ವಿಧಿಯಿತ್ತು. ಅದರ ಜೊತೆಗೆ, ಪತ್ರಿಕೆಗಳ ಗಮನಕ್ಕೆ ಅಷ್ಟಾಗಿ ಬಾರದ ಇನ್ನೊಂದು ವಿಧಿಯೂ ಇತ್ತು: ಅಲ್ಪಾವಧಿ ವಸತಿಗೃಹಗಳು, ಅಂಗನವಾಡಿ ಆಶ್ರಯಗಳು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗಾಗಿ ಇರುವ ಗರಿಮಾ ಗೃಹಗಳು, ಇವೆಲ್ಲವೂ ಎಲ್‌ಜಿಬಿಟಿಕ್ಯೂ ಸಮುದಾಯದ ಯಾವ ವ್ಯಕ್ತಿಯೇ ಆಶ್ರಯ ಬೇಡಿಬಂದರೂ ಇರಿಸಿಕೊಳ್ಳಲು ಶಕ್ತವಾಗುವಂತೆ ಮಾರ್ಪಡತಕ್ಕದ್ದು.

ಈ ಎರಡನೆಯ ವಿಧಿಯೇ ನಮ್ಮ ಇಂದಿನ ವಿಷಯ. ಮನೆಯೊಳಗಿನ ಹಿಂಸೆಯಿಂದ ತಪ್ಪಿಸಿಕೊಂಡು ಬಂದವರಿಗಾಗಿ ಸರ್ಕಾರವೂ ಸಮಾಜವೂ ಕಟ್ಟಿರುವ ವ್ಯವಸ್ಥೆಯೊಂದು ನಮ್ಮಲ್ಲಿ ಇದೆ. ಅದರ ಬಾಗಿಲು ಲೈಂಗಿಕ ಅಲ್ಪಸಂಖ್ಯಾತರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ನಿಜವಾಗಿ ತೆರೆಯಬೇಕಾದರೆ ಏನಾಗಬೇಕು ಎಂಬುದನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

2005ರಲ್ಲಿ ಅಂಗೀಕೃತವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ಈ ವ್ಯವಸ್ಥೆಯ ಬೆನ್ನೆಲುಬು. ಅದರನ್ವಯ ಸಂರಕ್ಷಣಾಧಿಕಾರಿಗಳು ನೇಮಕವಾಗಿದ್ದಾರೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಯ ಹೊಣೆ ಹೊತ್ತ ಸಿಡಿಪಿಒ ಅವರೇ, ಈ ಭಾರವನ್ನೂ ಹೊರುತ್ತಾರೆ. ಸಾಂತ್ವನ ಕೇಂದ್ರಗಳುಂಟು, ‘ಸಖಿ’ ಒನ್ ಸ್ಟಾಪ್ ಸೆಂಟರುಗಳುಂಟು, 181 ಎಂಬ ಸಹಾಯವಾಣಿಯುಂಟು. ಸಂತ್ರಸ್ತೆಯು ಕೇಳಿಕೊಂಡಲ್ಲಿ ಆಶ್ರಯಗೃಹದವರು ಆಶ್ರಯವನ್ನು ಒದಗಿಸಲೇಬೇಕೆಂದು ಕಾಯಿದೆಯ 6ನೆಯ ಪ್ರಕರಣವು ವಿಧಿಸುತ್ತದೆ. ಈ ಕಾಯಿದೆಯನ್ನು ಗಂಡಹೆಂಡಿರ ವ್ಯಾಜ್ಯಕ್ಕೆ ಸಂಬಂಧಿಸಿದುದೆಂದು ಭಾವಿಸುವುದು ರೂಢಿ. ಆದರೆ ಅದರ ಪರಿಭಾಷೆಯನ್ನು ನಿಧಾನವಾಗಿ ಓದಿದವರಿಗೆ, ರಕ್ತಸಂಬಂಧದಿಂದ ಕೂಡಿ ಒಂದೇ ಮನೆಯಲ್ಲಿ ಬಾಳಿದವರ ನಡುವಣ ಹಿಂಸೆಯೂ ಅದರ ವ್ಯಾಪ್ತಿಯಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಅಂದಮೇಲೆ, ಹೆಣ್ಣನ್ನು ಪ್ರೀತಿಸಿದಳೆಂಬ ಕಾರಣಕ್ಕೆ ಮಗಳನ್ನು ಕೋಣೆಯಲ್ಲಿ ಕೂಡಿಹಾಕಿದ ತಂದೆಯೂ, ತಂಗಿಯ ಮೇಲೆ ಕೈಮಾಡಿದ ಅಣ್ಣನೂ ಅದರ ಹಿಡಿತಕ್ಕೆ ಸಿಕ್ಕುವವರೇ. ಪ್ರತಿವಾದಿಯು ವಯಸ್ಕ ಪುರುಷನೇ ಆಗಿರಬೇಕೆಂದಿದ್ದ ನಿಬಂಧನೆಯನ್ನು 2016ರಲ್ಲಿ ಹೀರಲ್ ಹರ್ಸೋರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ತೆಗೆದುಹಾಕಿದ ಮೇಲೆ, ಹಿಂಸೆಯಲ್ಲಿ ಕೈಗೂಡಿಸಿದ ತಾಯಿಯೂ ಅಕ್ಕನೂ ಉತ್ತರ ಹೇಳಬೇಕಾದವರೇ. ಶಸ್ತ್ರಚಿಕಿತ್ಸೆಯ ಮೂಲಕ ಹೆಣ್ಣಾದ ಟ್ರಾನ್ಸ್ ಮಹಿಳೆಯೂ ಈ ಕಾಯಿದೆಯ ರಕ್ಷಣೆಗೆ ಅರ್ಹಳೆಂದು ಬೊಂಬಾಯಿ ಉಚ್ಚ ನ್ಯಾಯಾಲಯವು 2023ರಲ್ಲಿ ಎತ್ತಿಹಿಡಿಯಿತು. ತಂದೆಯ ಏಟು ತಿಂದು ಹೊರಬಿದ್ದ ಸಲಿಂಗಪ್ರೇಮಿ ಯುವಕನಿಗೆ ಮಾತ್ರ ಈ ಕಾಯಿದೆಯಲ್ಲಿ ಸ್ಥಾನವಿಲ್ಲ.

ಹಾಗಾದರೆ ಕಾಯಿದೆಯಿದ್ದೂ ಕೊರತೆ ಎಲ್ಲಿ? ಈ ವ್ಯವಸ್ಥೆಯ ಅಭ್ಯಾಸದಲ್ಲಿ. ಮುರಿದ ಸಂಸಾರವನ್ನು ಕೂಡಿಸುವುದೇ ಪುಣ್ಯಕಾರ್ಯವೆಂದು ನಂಬಿದ ನಮ್ಮ ಸಮಾಜದಲ್ಲಿ, ಸಮಾಲೋಚನೆಯೆಂದರೆ ರಾಜಿ, ರಾಜಿಯೆಂದರೆ ಹಿರಿಯರನ್ನು ಕರೆಸಿ ಬುದ್ಧಿ ಹೇಳಿಸಿ ಮನೆಗೆ ಕಳುಹಿಸುವುದು ಎಂಬ ಪದ್ಧತಿ ಬೇರೂರಿದೆ. ಗಂಡನ ಮನೆಯಲ್ಲಿ ನೊಂದು ಬಂದವಳಿಗೆ ತವರು ಎಂಬ ಆಸರೆಯನ್ನಾದರೂ ಊಹಿಸಿಕೊಂಡೇ ಈ ಪದ್ಧತಿ ಬೆಳೆದಿರುವುದು. ಆದರೆ ನಾವು ಹೇಳುತ್ತಿರುವ ಈ ಜನಕ್ಕೆ ಬಹುಮಟ್ಟಿಗೆ ತವರೇ ಹಿಂಸೆಯ ನೆಲೆ. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯು ಇತರ ಸಂಘಟನೆಗಳೊಡನೆ 2023ರ ಏಪ್ರಿಲ್ 1ರಂದು ಮುಚ್ಚಿದ ಬಾಗಿಲ ಹಿಂದೆ ನಡೆಸಿದ ಜನವಿಚಾರಣೆಯು, ಹೆತ್ತ ಮನೆಯವರೇ ಎಸಗಿದ ಹಿಂಸೆಯನ್ನು ಕುರಿತ ಸಾಕ್ಷ್ಯಗಳಿಗಾಗಿಯೇ ಏರ್ಪಟ್ಟದ್ದು. ಫೋನನ್ನು ಕಿತ್ತುಕೊಳ್ಳುವುದು, ಓದು ಬಿಡಿಸುವುದು, ಬಲವಂತದ ಮದುವೆ, ವೈದ್ಯರಿಂದ ವೈದ್ಯರಿಗೆ, ಮಂತ್ರವಾದಿಯಿಂದ ಮಂತ್ರವಾದಿಗೆ ಎಳೆದೊಯ್ಯುವುದು, ಬರೆಯಲು ಕೈ ನಡುಗುವ ಇನ್ನೂ ಘೋರವಾದ ‘ತಿದ್ದುಪಡಿ’ಗಳು, ಇವೆಲ್ಲವೂ ಪ್ರೀತಿಯ ಹೆಸರಿನಲ್ಲಿಯೇ ನಡೆಯುತ್ತವೆ. ಇಂತಹ ಮನೆಯಿಂದ ಓಡಿಬಂದವಳನ್ನು ಸದುದ್ದೇಶದಿಂದಲೇ ಆಗಲಿ, ‘ಅಪ್ಪ ಅಮ್ಮ ಕಂಗಾಲಾಗಿದ್ದಾರೆ’ ಎಂದು ಹೇಳಿ ಒಪ್ಪಿಸಿಬಿಡುವ ಆಶ್ರಯಧಾಮವು ಆ ಮನೆಯದೇ ಒಂದು ಹೊರಕೋಣೆಯಾಗಿಬಿಡುತ್ತದೆ. ಮರಳಿ ಮನೆ ಸೇರಿಸುವುದನ್ನು ಗೆಲುವೆಂದು ಎಣಿಸುವುದನ್ನು ನಮ್ಮ ಕೇಂದ್ರಗಳು ಬಿಡುವವರೆಗೆ, ಗೋಡೆಗೆ ಎಷ್ಟು ಬಣ್ಣದ ಬಾವುಟಗಳನ್ನು ಅಂಟಿಸಿದರೂ ಪ್ರಯೋಜನವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಯಿದೆಗೂ ಮೊದಲೇ ಇಂತಹವರಿಗೆ ನೆಲೆ ಕೊಟ್ಟವರು ಯಾರೆಂಬುದನ್ನು ನೆನೆಯದೆ ಮುಂದುವರಿಯುವುದು ಕೃತಘ್ನತೆಯಾದೀತು. ಬೆಂಗಳೂರಿನ ಹಮಾಮುಗಳು, ಅಂದರೆ ಹಿಜಡಾ ಸಮುದಾಯದವರು ಗುರುವಿನ ಆಶ್ರಯದಲ್ಲಿ ಕೂಡಿ ಬಾಳುತ್ತ ಬಂದ ಸ್ನಾನಗೃಹಗಳು, ಊರಿನಿಂದಲೂ ಮನೆಯಿಂದಲೂ ಹೊರದೂಡಲ್ಪಟ್ಟ ಎಷ್ಟೋ ಎಳೆಯ ಜೀವಗಳಿಗೆ ಅನ್ನವನ್ನೂ ಹೆಸರನ್ನೂ ಬಂಧುತ್ವವನ್ನೂ ಕೊಟ್ಟಿವೆ. ಅಲ್ಲಿಯೂ ಅಧಿಕಾರದ ಏರಿಳಿತಗಳುಂಟು, ಸಾಲದ ಬಂಧನಗಳುಂಟು, ಪೊಲೀಸರ ದಾಳಿಗಳ ಭಯವುಂಟು. ಆದರೆ ಸರ್ಕಾರದ ಯಾವ ಕಟ್ಟಡವೂ ಬಾಗಿಲು ತೆರೆಯದಿದ್ದ ಕಾಲದಲ್ಲಿ ಆ ಬಾಗಿಲು ತೆರೆದಿತ್ತು. 1999ರಲ್ಲಿ ಬೆಂಗಳೂರಿನಲ್ಲಿ ದಾಖಲೆ ಸಂಗ್ರಹದ ಕೇಂದ್ರವಾಗಿ ಆರಂಭವಾದ ‘ಸಂಗಮ’ವು, ಸಂಕಟದಲ್ಲಿ ಸಿಕ್ಕಿದವರು ನೆರವಿಗಾಗಿ ಅದರ ಕಡೆಗೆ ಬರತೊಡಗಿದಂತೆ, ಪೊಲೀಸ್ ಠಾಣೆಗೂ ಆಸ್ಪತ್ರೆಗೂ ನ್ಯಾಯಾಲಯಕ್ಕೂ ಅವರೊಡನೆ ನಡೆದುಹೋಗುವ ಸಂಸ್ಥೆಯಾಗಿ ರೂಪಾಂತರ ಹೊಂದಿತು. ಆಶ್ರಯ ಕೊಡುವ ವಿದ್ಯೆಯ ಹಲವು ಪಾಠಗಳನ್ನು ನಾವು ಕಲಿತದ್ದು ಅಂಥವರಿಂದಲೇ.

ಇನ್ನು ಆ ವಿದ್ಯೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಬಂದವರನ್ನು ಮೊದಲು ಎದುರುಗೊಳ್ಳುವುದು ಆಪ್ತಸಮಾಲೋಚಕಿಯಲ್ಲ. ರಾತ್ರಿಯ ಕಾವಲುಗಾರ, ಅಥವಾ ಫೋನೆತ್ತಿದ ಸಹಾಯಕಿ, ಅಥವಾ ಅಡುಗೆಯಾಕೆ. ತರಬೇತಿಯನ್ನು ಅಧಿಕಾರಿಗಳಿಗೆ ಮಾತ್ರ ಕೊಟ್ಟು ಇವರನ್ನು ಮರೆತ ಕೇಂದ್ರಗಳಲ್ಲಿ, ‘ಇದೇನು ಗಂಡೋ ಹೆಣ್ಣೋ’ ಎಂಬ ಒಂದು ಪಿಸುಮಾತು ಸಾಕು, ಬಂದವರು ಬಂದ ದಾರಿಯನ್ನೇ ಹಿಡಿಯಲು. ಎರಡನೆಯದು ಅರ್ಜಿಯ ನಮೂನೆ. ‘ಗಂಡನ ಹೆಸರು’ ಎಂಬ ಅಂಕಣದಿಂದಲೇ ಆರಂಭವಾಗುವ ಕಾಗದದ ಮುಂದೆ, ಸಂಗಾತಿಯಾದ ಹೆಣ್ಣಿನಿಂದ ಏಟು ತಿಂದವಳು ಯಾವ ಸತ್ಯವನ್ನು ಬರೆಯಬಲ್ಲಳು? ‘ನಿಮ್ಮನ್ನು ಹೇಗೆ ಕರೆಯೋಣ, ನಿಮಗೆ ಯಾರಿಂದ ಭಯ, ನೀವಿಲ್ಲಿರುವುದು ಯಾರಿಗೆ ತಿಳಿಯಬಾರದು’ ಎಂದು ಕೇಳುವ ಸಮಾಲೋಚಕಿಯು, ವ್ಯಕ್ತಿಯ ಅಂತರಂಗವನ್ನು ಕೆದಕದೆಯೇ, ತನಗೆ ಬೇಕಾದುದನ್ನೆಲ್ಲ ತಿಳಿದುಕೊಳ್ಳುತ್ತಾಳೆ. ತನ್ನ ಪ್ರೇಮವನ್ನಾಗಲಿ ಲಿಂಗತ್ವವನ್ನಾಗಲಿ ಯಾರ ಮುಂದೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದು ಬಂದವರ ಸ್ವಾತಂತ್ರ್ಯ. ಅದನ್ನು ಕಡತದ ಮೇಲೆ ದಪ್ಪಕ್ಷರದಲ್ಲಿ ಬರೆದಿಡುವುದು ದ್ರೋಹ.

ಮಲಗುವ ಕೋಣೆಯ ಪ್ರಶ್ನೆಯು ಎಲ್ಲೆಡೆಯೂ ತೊಡಕಿನದಾಗಿ ತೋರುತ್ತದೆ. ಟ್ರಾನ್ಸ್ ಮಹಿಳೆಯನ್ನು ಎಲ್ಲಿರಿಸುವುದು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವನನ್ನು ಎಲ್ಲಿರಿಸುವುದು ಎಂದು ಮೇಲ್ವಿಚಾರಕಿಯರು ಚಿಂತಿಸುತ್ತಾರೆ. ಇತರ ನಿವಾಸಿನಿಯರು ಆಕ್ಷೇಪಿಸಿದರೆ ಏನು ಗತಿ ಎಂದು ಅಂಜುತ್ತಾರೆ. ‘ನಿಮಗೆ ಎಲ್ಲಿ ಭಯವಿಲ್ಲದೆ ನಿದ್ದೆ ಬಂದೀತು’ ಎಂದು ಅವರನ್ನೇ ಕೇಳುವುದು, ಸ್ನಾನದ ಮನೆಗೆ ಒಳಗಿನಿಂದ ಭದ್ರವಾದ ಚಿಲಕ ಹಾಕಿಸುವುದು, ನಡೆದುಕೊಳ್ಳುವ ರೀತಿಯ ನಿಯಮಗಳನ್ನು ಎಲ್ಲರಿಗೂ ಸಮಾನವಾಗಿ ಅನ್ವಯಿಸುವುದು, ಹಾರ್ಮೋನಿನ ಔಷಧಿಯನ್ನು ಬೇರಾವುದೇ ಔಷಧಿಯಂತೆ ವೇಳೆಗೆ ಸರಿಯಾಗಿ ಕೊಡುವುದು: ಇಷ್ಟರಿಂದಲೇ ತೊಡಕಿನ ಬಹುಭಾಗ ಬಿಡಿಸಿಕೊಳ್ಳುತ್ತದೆ. ಇದಕ್ಕೆ ಹಣ ಹೆಚ್ಚು ಬೇಕಿಲ್ಲ.

ಗೌಪ್ಯತೆಯ ವಿಷಯ ಮಾತ್ರ ಇದಕ್ಕಿಂತ ಸೂಕ್ಷ್ಮ. ಮನೆಯಿಂದ ಹೊರಟವರು ಸಾಮಾನ್ಯವಾಗಿ ಉಟ್ಟ ಬಟ್ಟೆಯಲ್ಲೇ ಹೊರಟಿರುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕಿನ ಪಾಸ್‌ಬುಕ್ಕು, ಆಧಾರ್ ಕಾರ್ಡು ಎಲ್ಲವೂ ತಂದೆಯ ಬೀರುವಿನಲ್ಲಿರುತ್ತವೆ. ಆಧಾರಿಗೆ ಜೋಡಿಸಿದ ಫೋನ್ ಸಂಖ್ಯೆಯೂ ಎಷ್ಟೋ ವೇಳೆ ತಂದೆಯದೇ ಆದ್ದರಿಂದ, ಕೇಂದ್ರದವರು ದಾಖಲಾತಿಗಾಗಿ ಅಮಾಯಕವಾಗಿ ಒಂದು ಒಟಿಪಿ ಕೇಳಿದೊಡನೆಯೇ ಆ ಸಂದೇಶವು ಊರಿನಲ್ಲಿ ಮೊಳಗುತ್ತದೆ. ಗುರುತಿನ ಚೀಟಿ ಇಲ್ಲದವರಿಗೆ ಜಾಗವಿಲ್ಲ ಎಂಬ ನಿಯಮವು ಎಲ್ಲರಿಗಿಂತ ಹೆಚ್ಚು ನಿರ್ಗತಿಕರಾದವರನ್ನೇ ಹೊರಗಿಡುತ್ತದೆ. ಜಾಗ ಮೊದಲು ಸಿಗಲಿ, ಕಾಗದಪತ್ರಗಳು ಬಂದ ಮೇಲೆ ಕಡತಕ್ಕೆ ಸೇರಲಿ ಎಂಬ ವಿವೇಕ ಇಲ್ಲಿ ಅತ್ಯಾವಶ್ಯಕ. ಹಾಗೆಯೇ, ಪೊಲೀಸರು ಕೇಳಿದಾಗ ‘ಆಕೆ ವಯಸ್ಕಳು, ಸ್ವೇಚ್ಛೆಯಿಂದ ಬಂದಿದ್ದಾಳೆ, ಹೇಳಿಕೆಯನ್ನು ಇಲ್ಲಿಯೇ ಪಡೆಯಿರಿ’ ಎಂದು ನಿರ್ಭಯವಾಗಿ ಹೇಳಬಲ್ಲ ಮೇಲ್ವಿಚಾರಕಿಯು, ಮದರಾಸು ನ್ಯಾಯಾಲಯದ ಆ ಆದೇಶದ ಪ್ರತಿಯನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಸಮಾಲೋಚನೆಯ ಹೆಸರಿನಲ್ಲಿ ಮನಸ್ಸನ್ನು ‘ಬದಲಿಸುವ’ ಪ್ರಯತ್ನವನ್ನಂತೂ ಈಗ ಯಾವ ನೆಪದಿಂದಲೂ ಸಮರ್ಥಿಸುವಂತಿಲ್ಲ. ಮೇಲೆ ಹೇಳಿದ ಮದರಾಸಿನ ಮೊಕದ್ದಮೆಯ ಮುಂದುವರಿಕೆಯಾಗಿ, ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಇಂತಹ ಪರಿವರ್ತನಾ ಚಿಕಿತ್ಸೆಯನ್ನು ವೃತ್ತಿಯ ದುರಾಚರಣೆಯೆಂದು ಸಾರಿತು. ಸರ್ವೋಚ್ಚ ನ್ಯಾಯಾಲಯವು 2024ರ ಮಾರ್ಚ್ 11ರಂದು ಕೇರಳದ ಒಂದು ಪ್ರಕರಣದಲ್ಲಿ, ಕೂಡಿಹಾಕಲ್ಪಟ್ಟ ಸಂಗಾತಿಯ ಬಿಡುಗಡೆಗಾಗಿ ಹೇಬಿಯಸ್ ಕಾರ್ಪಸ್ ಅರ್ಜಿ ಬಂದಾಗ ನ್ಯಾಯಾಧೀಶರು ಹೇಗೆ ನಡೆದುಕೊಳ್ಳಬೇಕೆಂಬ ಸೂತ್ರಗಳನ್ನು ಹಾಕಿಕೊಟ್ಟು, ವ್ಯಕ್ತಿಯ ಲೈಂಗಿಕತೆಯನ್ನು ಅಥವಾ ಗುರುತನ್ನು ಅಳಿಸುವ ಉದ್ದೇಶದ ಸಮಾಲೋಚನೆಗೆ ಆದೇಶಿಸಕೂಡದೆಂದು ವಿಧಿಸಿತು. ನ್ಯಾಯಾಧೀಶರಿಗೇ ಸಲ್ಲದ ಕಾರ್ಯವು ಕೇಂದ್ರದ ಸಮಾಲೋಚಕಿಗೆ ಸಲ್ಲುವುದೆಂತು?

ಹಿಂಸೆಯು ಸಂಗಾತಿಯಿಂದಲೇ ಬಂದಾಗ ಇನ್ನೊಂದು ಬಗೆಯ ಕೌಶಲ ಬೇಕು. ಅಮೆರಿಕದ ಸಿಯಾಟಲ್‌ನಲ್ಲಿ 1987ರಲ್ಲಿಯೂ ಬೋಸ್ಟನ್‌ನಲ್ಲಿ 1989ರಲ್ಲಿಯೂ, ಹೆಣ್ಣು ಸಂಗಾತಿಗಳಿಂದ ಪೆಟ್ಟು ತಿಂದ ಹೆಂಗಸರಿಗಾಗಿಯೇ ಸಂಸ್ಥೆಗಳು ಹುಟ್ಟಿಕೊಂಡವು. ಬೋಸ್ಟನ್ನಿನದು ಇಂದು ‘ದಿ ನೆಟ್‌ವರ್ಕ್/ಲಾ ರೆಡ್’ ಎಂದು ಪ್ರಸಿದ್ಧ. ಆ ದೇಶದ 2010ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಜೀವಮಾನದಲ್ಲಿ ಸಂಗಾತಿಯಿಂದ ಅತ್ಯಾಚಾರ, ದೈಹಿಕ ಹಿಂಸೆ ಅಥವಾ ಬೆನ್ನಟ್ಟುವ ಕಾಟಕ್ಕೆ ಗುರಿಯಾದವರು ಸಲಿಂಗಾಸಕ್ತ ಮಹಿಳೆಯರಲ್ಲಿ ಶೇ. 43.8, ದ್ವಿಲಿಂಗಾಸಕ್ತ ಮಹಿಳೆಯರಲ್ಲಿ ಶೇ. 61.1, ಇತರ ಮಹಿಳೆಯರಲ್ಲಿ ಶೇ. 35. ಗಂಡು ಹೊಡೆದ, ಹೆಣ್ಣು ನೊಂದಳು ಎಂಬ ಸಿದ್ಧ ಅಳತೆ ಇಲ್ಲಿ ಕೈಕೊಡುತ್ತದೆ. ಪ್ರತಿಯೇಟು ಕೊಟ್ಟವಳು ಪಶ್ಚಾತ್ತಾಪದಿಂದ ‘ನಾನೂ ಹೊಡೆದೆ’ ಎನ್ನುತ್ತಾಳೆ. ಹಿಂಸಿಸಿದವಳು ಕೆಲವೊಮ್ಮೆ ತಾನೇ ಸಂತ್ರಸ್ತೆಯೆಂದು ನಿರರ್ಗಳವಾಗಿ ವಾದಿಸಿ ಅದೇ ಆಶ್ರಯಕ್ಕೆ ಬಂದು ನಿಲ್ಲುತ್ತಾಳೆ. ಆದುದರಿಂದ ನಿಪುಣರು ಏಟುಗಳನ್ನು ಎಣಿಸುವುದಿಲ್ಲ. ಹಣ ಯಾರ ಕೈಯಲ್ಲಿತ್ತು, ಯಾರ ಗೆಳೆಯರು ಒಬ್ಬೊಬ್ಬರಾಗಿ ದೂರವಾದರು, ಯಾರು ಯಾರ ಮುಖ ನೋಡಿ ಮಾತಾಡುತ್ತಿದ್ದರು ಎಂದು ವಿಚಾರಿಸುತ್ತಾರೆ. ‘ನಿನ್ನ ಮನೆಗೆ ಹೇಳಿಬಿಡುತ್ತೇನೆ, ಆಫೀಸಿಗೆ ಹೇಳಿಬಿಡುತ್ತೇನೆ’ ಎಂಬ ಬೆದರಿಕೆಯು ಈ ಸಂಬಂಧಗಳಲ್ಲಿ ದೊಣ್ಣೆಗಿಂತ ಬಲವಾದ ಆಯುಧವೆಂಬುದನ್ನು ಅವರು ಬಲ್ಲರು.

ಸ್ಥಳಾವಕಾಶದ ಮಾತು ಉಳಿಯಿತು. ಸಖಿ ಕೇಂದ್ರದಲ್ಲಿ ತಂಗಲು ಸಿಗುವುದು ಹೆಚ್ಚೆಂದರೆ ಐದು ದಿನ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗಾಗಿ ಕೇಂದ್ರ ಸರ್ಕಾರವು ಆರಂಭಿಸಿದ ಗರಿಮಾ ಗೃಹಗಳಲ್ಲಿ ಮೊದಲನೆಯದನ್ನು, ಮುಂದೆ ನಮ್ಮ ರಾಜ್ಯದ ರಾಜ್ಯಪಾಲರಾಗಿ ಬಂದ ಥಾವರ್‌ಚಂದ್ ಗೆಹ್ಲೋಟ್ ಅವರು ಸಚಿವರಾಗಿದ್ದಾಗ, 2020ರ ನವೆಂಬರ್ 25ರಂದು ವಡೋದರಾದಲ್ಲಿ ಉದ್ಘಾಟಿಸಿದರು. ಒಂದೊಂದರಲ್ಲಿ 25 ಮಂದಿಗೆ ಸ್ಥಳ. ಮೊದಲ ಹನ್ನೆರಡು ಗೃಹಗಳಲ್ಲಿ ಒಂದೂ ಕರ್ನಾಟಕದಲ್ಲಿರಲಿಲ್ಲ. ಸಲಿಂಗ ಮದುವೆಯ ಹಕ್ಕನ್ನು ಕುರಿತ ಸರ್ವೋಚ್ಚ ನ್ಯಾಯಾಲಯದ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಅಂದಿನ ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರು ಪ್ರತಿಯೊಂದು ಜಿಲ್ಲೆಯಲ್ಲಿಯೂ ಇಂತಹ ಗೃಹವಿರಬೇಕೆಂದು ಬರೆದರಾದರೂ, ಅದು ಅಲ್ಪಮತದ ಅಭಿಪ್ರಾಯವಾದ್ದರಿಂದ ಸರ್ಕಾರವನ್ನು ಬಂಧಿಸಲಿಲ್ಲ. ಹೀಗಿರುವಾಗ, ಜಿಲ್ಲೆಗೊಂದು ಹೊಸ ಕಟ್ಟಡವನ್ನು ಕಾಯುತ್ತ ಕೂರುವುದಕ್ಕಿಂತ, ಈಗಾಗಲೇ ಇರುವ ಸಾಂತ್ವನ, ಸಖಿ ಕೇಂದ್ರಗಳನ್ನು ಸಿದ್ಧಗೊಳಿಸುವುದೇ ತುರ್ತಾದ ಕೆಲಸ. ಸಖಿಯಲ್ಲಿ ಸಿಗುವ ಆ ಐದು ದಿನಗಳನ್ನೂ ಬಳಸಿಕೊಳ್ಳಬಹುದು: ಕೌಟುಂಬಿಕ ದೌರ್ಜನ್ಯ ಕಾಯಿದೆಯ 19ನೆಯ ಪ್ರಕರಣದಂತೆ ಸಂತ್ರಸ್ತೆಯ ಸ್ವತ್ತುಗಳನ್ನು ಹಿಂದಿರುಗಿಸಬೇಕೆಂದು ಮನೆಯವರಿಗೆ ಆದೇಶಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಐದು ದಿನದೊಳಗೆ ಸಂರಕ್ಷಣಾಧಿಕಾರಿಯು ಇದಕ್ಕಾಗಿ ಅರ್ಜಿಯನ್ನು ಬರೆಸಿ ಸಲ್ಲಿಸಿದರೆ, ತಂದೆಯ ಬೀರುವಿನಲ್ಲಿ ಉಳಿದ ಅಂಕಪಟ್ಟಿಯನ್ನು ಕೇಳಿ ಪಡೆಯುವ ದಾರಿ ತೆರೆಯುತ್ತದೆ. ಅದು ಕೈಗೆ ಬಂದರೆ ಕಾಲೇಜಿನ ಪ್ರವೇಶಕ್ಕೂ ಮಹಿಳಾ ಹಾಸ್ಟೆಲಿನ ಒಂದು ಮಂಚಕ್ಕೂ ಅರ್ಜಿ ಹಾಕಬಹುದು.