ನೌಕರಿ ಮುಗಿಸಿ ನಿರ್ದೇಶಕರಾಗುವವರಿಗೆ



ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ತೋಟಿಗರಲ್ಲಿ ಹೊರಗೆ ನೌಕರಿಗೆ ಹೋದವರೊಬ್ಬರೂ ಇಲ್ಲದ ಮನೆತನ ಅಪರೂಪವೇ ಸರಿ. ಎರಡು ಎಕರೆ ಬಾಗಾಯ್ತದಲ್ಲಿ ನಾಲ್ಕು ಜನ ಗಂಡುಮಕ್ಕಳ ಸಂಸಾರ ಸಾಗುವುದಿಲ್ಲವೆಂದು ಒಬ್ಬ ಮುಂಬಯಿಗೆ, ಒಬ್ಬ ಬ್ಯಾಂಕಿಗೆ, ಒಬ್ಬ ಮಾಸ್ತರಿಕೆಗೆ ಹೋದದ್ದು ನಮ್ಮೆಲ್ಲರ ಮನೆಯ ಕಥೆ. 2000-01ರಲ್ಲಿ ಸರಕಾರಿ ರಂಗದ ಬ್ಯಾಂಕುಗಳು ಸ್ವಯಂನಿವೃತ್ತಿ ಯೋಜನೆ ತಂದಾಗ ಹೀಗೆ ಹೋದವರಲ್ಲಿ ಕೆಲವರು ಊರಿಗೆ ಮರಳಿದರು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಅಂಥ ಕಡೆಗಳಲ್ಲಿ ಮೂವತ್ತು ವರ್ಷ ದುಡಿದವರು ಈಗಲೂ ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಬಂದವರು ಒಂದೆರಡು ವರ್ಷ ತೋಟ ನೋಡಿಕೊಳ್ಳುತ್ತಾರೆ. ಆಮೇಲೆ ಊರವರೇ, "ನಿಮ್ಮಂಥ ತಿಳಿದವರು ಸಂಘಕ್ಕೆ ಬೇಕು ಸಾಹೇಬರೇ" ಎಂದು ಚುನಾವಣೆಗೆ ನಿಲ್ಲಿಸುತ್ತಾರೆ.

ನಿಲ್ಲಿಸುವುದು ಸರಿಯೇ. ಲೆಕ್ಕಪತ್ರ ಓದಬಲ್ಲವರು ಮಂಡಳಿಯಲ್ಲಿ ಇರಲೇಬೇಕು. ಆದರೆ ಕಾರ್ಯದರ್ಶಿಯ ಮೇಜಿನ ಈಚೆ ಕುಳಿತು ಹಲವು ಮಂಡಳಿಗಳನ್ನು ಕಂಡ ನಮಗೆ ಒಂದು ಸಂಗತಿ ಮನದಟ್ಟಾಗಿದೆ. ಶಾಖೆಯನ್ನೋ ಕಾರ್ಖಾನೆಯನ್ನೋ ಚೆನ್ನಾಗಿ ನಡೆಸಿದವರು ಒಳ್ಳೆಯ ನಿರ್ದೇಶಕರಾಗಲು ಒಂದೆರಡು ವರ್ಷ ಬೇಕಾಗುತ್ತದೆ. ಕೆಲವರು ಕೊನೆಯವರೆಗೂ ಆಗುವುದಿಲ್ಲ. ಇದು ಜಾಣತನದ ಕೊರತೆಯಲ್ಲ. ಎರಡೂ ಬೇರೆ ಬೇರೆ ಕೆಲಸಗಳೆಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಮ್ಯಾನೇಜರರಾಗಿದ್ದಾಗ ಹೇಳಿದ ಮಾತು ಆಜ್ಞೆ. ಇಂದು ಹೇಳಿದರೆ ನಾಳೆ ಆಗಬೇಕು. ಆಗದಿದ್ದರೆ ಏಕೆಂದು ಕೇಳುವ ಅಧಿಕಾರವೂ ಕೈಯಲ್ಲಿರುತ್ತದೆ. ನಿರ್ದೇಶಕರ ಸ್ಥಿತಿ ಹಾಗಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ 28-ಎ ಕಲಮು ಸಂಘದ ಆಡಳಿತವನ್ನು ಮಂಡಳಿಗೆ ವಹಿಸಿದೆ. ಮಂಡಳಿಗೆ ಎಂಬುದನ್ನು ಗಮನಿಸಬೇಕು, ಮಂಡಳಿಯ ಒಬ್ಬೊಬ್ಬ ಸದಸ್ಯರಿಗೆ ಎಂದಲ್ಲ. ಸಭೆ ಕೂಡಿ, ಗಣಸಂಖ್ಯೆ ಇದ್ದು, ಠರಾವು ಆಗಿ, ಅದು ನಡವಳಿ ಪುಸ್ತಕದಲ್ಲಿ ಏರಿದಾಗ ಮಾತ್ರ ನಿರ್ದೇಶಕರ ಮಾತಿಗೆ ಬಲ. ಸಭೆ ಮುಗಿದು ಮೆಟ್ಟಿಲಿಳಿದ ಮೇಲೆ ಅವರು ಉಳಿದೆಲ್ಲರಂತೆ ಒಬ್ಬ ಶೇರುದಾರರು.

ಕಾಗದದ ಮೇಲೆ ಇದು ಹೀಗೆ. ಊರಿನಲ್ಲಿ ನಡೆಯುವುದು ಹೇಗೆಂಬುದಕ್ಕೆ ನಮ್ಮದೇ ತಪ್ಪನ್ನು ಹೇಳುತ್ತೇವೆ. ಹಲವು ವರ್ಷಗಳ ಹಿಂದೆ ನೆರೆಯ ಊರಿನ ಒಂದು ಸಣ್ಣ ಸಂಘಕ್ಕೆ ನಮ್ಮನ್ನು ನಿರ್ದೇಶಕರಾಗಿ ಆರಿಸಿದ್ದರು. ಕಾರ್ಯದರ್ಶಿ ಕೆಲಸ ಗೊತ್ತಿದ್ದವರು ನಾವು. ಅಲ್ಲಿಯ ಕಾರ್ಯದರ್ಶಿಗಿಂತ ಹೆಚ್ಚು ಗೊತ್ತೆಂಬ ಜಂಬವೂ ಇತ್ತು. ಮೇ ತಿಂಗಳಲ್ಲಿ ಒಂದು ದಿನ ಸಂಘಕ್ಕೆ ಹೋದಾಗ ಮೈಲುತುತ್ತದ ಖರೀದಿಗೆ ದರಪಟ್ಟಿ ತರಿಸಿಟ್ಟದ್ದನ್ನು ಕಂಡೆವು. ನಮಗೆ ಪರಿಚಯದ ವ್ಯಾಪಾರಿಯೊಬ್ಬರಿದ್ದರು. "ಎಂಟು ದಿನ ತಡೀರಿ, ಇದಕ್ಕಿಂತ ಕಡಿಮೆಗೆ ಕೊಡಿಸ್ತೇನೆ" ಎಂದು ಗುಮಾಸ್ತರಿಗೆ ಹೇಳಿ ಬಂದೆವು. ಕಾರ್ಯದರ್ಶಿ ಆಗ ಊಟಕ್ಕೆ ಹೋಗಿದ್ದರು. ಗುಮಾಸ್ತರು ಪಾಪ, ನಿರ್ದೇಶಕರ ಮಾತು ಮೀರುವುದು ಹೇಗೆಂದು ತಡೆದರು. ಎಂಟು ದಿನ ಹದಿನೆಂಟಾಯಿತು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಮಾಲು ಬಂದದ್ದು ಆಮೇಲೆ.

ಮೊದಲ ಔಷಧ ಮಳೆಗಾಲಕ್ಕೆ ಮುಂಚೆಯೇ ಕೊನೆಗೆ ಬೀಳಬೇಕೆಂಬುದನ್ನು ತೋಟಿಗರಿಗೆ ನಾವು ಹೇಳಬೇಕಾಗಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರಿನ ಬೋರ್ಡೋ ದ್ರಾವಣ ಎಷ್ಟು ಚೆನ್ನಾಗಿ ಬೆರೆಸಿದರೂ, ಹೊಡೆಯುವ ಕಾಲ ತಪ್ಪಿದರೆ ಕೊಳೆ ಬಿಡುವುದಿಲ್ಲ. ಕೈಯಲ್ಲಿ ದುಡ್ಡಿದ್ದವರು ಪೇಟೆಯಲ್ಲಿ ಹೆಚ್ಚು ಬೆಲೆ ಕೊಟ್ಟು ತಂದರು. ಸಂಘದ ಉದ್ರಿಯನ್ನೇ ನಂಬಿದ್ದ ಸಣ್ಣ ಹಿಡುವಳಿದಾರರು ಕಾದರು. ಅವರಲ್ಲಿ ಕೆಲವರ ತೋಟದಲ್ಲಿ ಆ ವರ್ಷ ಎಳೆಕಾಯಿ ಬುಡಕ್ಕೆ ಬಿತ್ತು. ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಬೈಗುಳ ಬಿದ್ದದ್ದು ಅಲ್ಲಿಯ ಕಾರ್ಯದರ್ಶಿಗೆ. ನಮ್ಮ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ. ನಾವು ಎದ್ದು ಹೇಳಬಹುದಿತ್ತು, ಹೇಳಲಿಲ್ಲ.

ಹೀಗೆ ಮಾಡುವವರಲ್ಲಿ ದುರುದ್ದೇಶ ಇರುವುದಿಲ್ಲ. ಕೆಲಸ ಬಲ್ಲವನ ಕೈ ತುರಿಸುತ್ತದೆ. ಬ್ಯಾಂಕಿನಿಂದ ಬಂದವರು ಸಾಲದ ಅರ್ಜಿಯನ್ನು ತಾವೇ ತಿದ್ದುತ್ತಾರೆ, ಕಂಪನಿಯಿಂದ ಬಂದವರು ಗುಮಾಸ್ತರ ಹಾಜರಿ ನೋಡುತ್ತಾರೆ. ಸಿಬ್ಬಂದಿಗೆ ಹತ್ತು ಹದಿಮೂರು ಜನ ಯಜಮಾನರಾದಾಗ ಅವರು ಯಾರ ಮಾತನ್ನೂ ಕೇಳದಿರಲು ಕಲಿಯುತ್ತಾರೆ. ಮನೆಯಲ್ಲಿ ಅತ್ತೆಯಂದಿರು ಹೆಚ್ಚಾದಾಗ ಸೊಸೆ ಮಾಡುವುದೂ ಅದನ್ನೇ ಎಂದು ನಮ್ಮಲ್ಲಿಯ ಹಿರಿಯ ನಿರ್ದೇಶಕರೊಬ್ಬರು ನಗುತ್ತಿದ್ದರು.

ದೊಡ್ಡವರಲ್ಲಿಯೂ ಈ ಪ್ರಶ್ನೆ ಎದುರಾಗುತ್ತದೆ. ನಂದನ ನಿಲೇಕಣಿಯವರ ಮನೆತನದ ಮೂಲ ನಮ್ಮ ಘಟ್ಟದ ಮೇಲಿನ ಶಿರಸಿ. ಅವರು 2002ರಿಂದ 2007ರವರೆಗೆ ಇನ್ಫೋಸಿಸ್ ಕಂಪನಿಯ ಮುಖ್ಯ ಕಾರ್ಯನಿರ್ವಾಹಕರಾಗಿದ್ದರು. ಮುಂದೆ ಆಧಾರ್ ಕೆಲಸಕ್ಕೆಂದು ಕಂಪನಿ ಬಿಟ್ಟರು. 2017ರ ಆಗಸ್ಟಿನಲ್ಲಿ ಅಲ್ಲಿಯ ಮುಖ್ಯ ಕಾರ್ಯನಿರ್ವಾಹಕರು ರಾಜೀನಾಮೆ ಕೊಟ್ಟು ಕಂಪನಿ ಕಷ್ಟಕ್ಕೆ ಸಿಕ್ಕಾಗ ನಿಲೇಕಣಿಯವರನ್ನು ಮರಳಿ ಕರೆದರು. ಕಂಪನಿ ಕಟ್ಟಿದವರಲ್ಲೊಬ್ಬರು, ಐದು ವರ್ಷ ನಡೆಸಿದವರು. ಹಳೆಯ ಕುರ್ಚಿಯಲ್ಲೇ ಕುಳಿತಿದ್ದರೆ ಆಕ್ಷೇಪಿಸುವವರು ಕಡಿಮೆಯೇ ಇರುತ್ತಿದ್ದರು. ಅವರು ಬಂದದ್ದು ಮಂಡಳಿಯ ಅಧ್ಯಕ್ಷರಾಗಿ, ದಿನನಿತ್ಯದ ಕಾರ್ಯಾಧಿಕಾರ ಇಲ್ಲದೆ. ಮುಖ್ಯ ಕಾರ್ಯನಿರ್ವಾಹಕರಿಗಾಗಿ ಹುಡುಕಾಟ ನಡೆದು, ಹೊರಗಿನವರಾದ ಸಲಿಲ್ ಪಾರೇಖ್ ಅವರು 2018ರ ಜನವರಿ 2ರಂದು ಕೆಲಸಕ್ಕೆ ಸೇರಿದರು. ಕಂಪನಿಯ ಗಾತ್ರಕ್ಕೂ ನಮ್ಮ ಸಂಘದ ಗಾತ್ರಕ್ಕೂ ಹೋಲಿಕೆ ಇಲ್ಲ. ಆದರೆ ನಡೆಸಲು ಬರುವವನು ನಡೆಸುವವರನ್ನು ಆರಿಸಿ, ತಾನು ಬದಿಗೆ ಕುಳಿತು ನೋಡಿಕೊಳ್ಳುವುದು ಎರಡು ಕಡೆಯೂ ಒಂದೇ ಬಗೆಯ ಕೆಲಸ.

ಹಾಗಾದರೆ ಬದಿಗೆ ಕುಳಿತವರು ಮಾಡಬೇಕಾದ್ದೇನು? ಸುಮ್ಮನೆ ಕುಳಿತು ಚಹಾ ಕುಡಿದು ಸಹಿ ಹಾಕುವುದೇ? ಆ ರೋಗವೂ ನಮ್ಮಲ್ಲಿ ಧಾರಾಳವಾಗಿದೆ. ಕೈ ಹಾಕಬಾರದೆಂದು ಕೇಳಿದವರು ಬಾಯಿಯನ್ನೂ ಮುಚ್ಚಿಬಿಡುತ್ತಾರೆ. ನಿರ್ದೇಶಕರ ಕೆಲಸವೆಂದರೆ ಕೇಳುವುದು, ಉತ್ತರ ಸಿಗುವವರೆಗೆ ಕೇಳುವುದು. ಎಂಥ ಪ್ರಶ್ನೆ ಎಂಬುದಕ್ಕೆ ಒಂದು ಲೆಕ್ಕ ಹಾಕಿ ನೋಡೋಣ.

ನಮ್ಮ ಕಡೆಯದು ಬಹುಮಟ್ಟಿಗೆ ಚಾಲಿ. ಸದಸ್ಯರು ಚಾಲಿಯನ್ನು ವಖಾರಿಯಲ್ಲಿಟ್ಟು ಅಡವು ಸಾಲ ಪಡೆಯುತ್ತಾರೆ. ಧಾರಣೆ ಕ್ವಿಂಟಲಿಗೆ 40,000 ರೂಪಾಯಿ ಇದೆಯೆಂದೂ, ನೂರಕ್ಕೆ 70ರಂತೆ 28,000 ಸಾಲ ಕೊಟ್ಟಿದ್ದೇವೆಂದೂ ಹಿಡಿಯಿರಿ. ಧಾರಣೆ ಏರಲೆಂದು ಎಂಟು ತಿಂಗಳು ಮಾಲು ಕೂತಿತು. ನೂರಕ್ಕೆ 10ರ ಬಡ್ಡಿಯಂತೆ 1,867 ರೂಪಾಯಿ ಸೇರಿ ಬಾಕಿ 29,867 ಆಯಿತು. ಏರುವ ಬದಲು ಧಾರಣೆ 30,000ಕ್ಕೆ ಇಳಿಯಿತು. ಒಣಗಿನಿಂದ ಎರಡು ಕಿಲೋ ತೂಕ ಕಡಿಮೆಯಾಗಿ ಉಳಿದದ್ದು 98 ಕಿಲೋ. ಮಾರಿದರೆ ಬರುವುದು 29,400. ಕ್ವಿಂಟಲಿಗೆ 467 ರೂಪಾಯಿ ಸಂಘದ ತಲೆಯ ಮೇಲೆ; ಸಾವಿರ ಕ್ವಿಂಟಲು ಇದ್ದರೆ 4 ಲಕ್ಷ 67 ಸಾವಿರ. ವಖಾರಿ ಬಾಡಿಗೆ, ಹಮಾಲಿ ಇದರಲ್ಲಿ ಸೇರಿಲ್ಲ. ಸದಸ್ಯರು ಸಜ್ಜನರು, ತುಂಬಿಕೊಡುತ್ತಾರೆ ಎನ್ನಬಹುದು. ಧಾರಣೆ ಇಳಿದ ವರ್ಷ ಅವರ ಕೈಯಲ್ಲೂ ದುಡ್ಡಿರುವುದಿಲ್ಲ.

ಬ್ಯಾಂಕಿನಲ್ಲಿ ದುಡಿದ ನಿರ್ದೇಶಕರಿಗೆ ಈ ಲೆಕ್ಕ ಕಣ್ಣಿಗೆ ಬೀಳಲು ಐದು ನಿಮಿಷ ಸಾಕು. ಅವರು ಮಾಡಬೇಕಾದ್ದು ಕುಮಟಾದ ದಲಾಲರಿಗೆ ಫೋನು ಹಚ್ಚುವುದಲ್ಲ. ಸಭೆಯಲ್ಲಿ ಕೇಳಬೇಕು: ಇಂದಿನ ಧಾರಣೆಯಲ್ಲಿ ಯಾವ ಯಾವ ಅಡವು ಸಾಲಕ್ಕೆ ಮಾಲು ಸಾಲದೆ ಬರುತ್ತದೆ? ಧಾರಣೆ ಎಷ್ಟು ಇಳಿದಾಗ ಸದಸ್ಯರಿಗೆ ನೋಟೀಸು ಹೋಗಬೇಕೆಂದು ನಮ್ಮಲ್ಲಿ ಠರಾವು ಇದೆಯೇ? ಇಲ್ಲದಿದ್ದರೆ ಇಂದೇ ಮಾಡೋಣವೇ? ಠರಾವು ಆದ ಮೇಲೆ ಅದರಂತೆ ನಡೆಸುವುದು ನಮ್ಮ ಕೆಲಸ. ನಡೆಸಿದೆವೋ ಇಲ್ಲವೋ ಎಂದು ಮುಂದಿನ ತಿಂಗಳು ಕೇಳುವುದು ಮತ್ತೆ ಅವರ ಕೆಲಸ. ತೋಟದಲ್ಲಿ ಕಾಫಿ ಇರುವ ಸದಸ್ಯರಿಗೂ ಇದು ಹೊರತಲ್ಲ. ಕಾಫಿ ಬೋರ್ಡಿನ ಪೂಲ್ ಇದ್ದ ಕಾಲದಲ್ಲಿ ಮಾರಾಟದ ಚಿಂತೆ ಬೋರ್ಡಿನದು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾದಂದಿನಿಂದ ಇಡಬೇಕೋ ಮಾರಬೇಕೋ ಎಂಬ ಚಿಂತೆ ಬೆಳೆಗಾರರ ಮತ್ತು ಅವರ ಸಂಘಗಳ ಪಾಲಿಗೆ ಬಂದಿದೆ.

ಕೇಳದೆ ಇರುವುದಕ್ಕೆ ಬೆಲೆಯೂ ಇದೆ. ಲೆಕ್ಕಪರಿಶೋಧನೆಯಲ್ಲೋ 64ನೇ ಕಲಮಿನ ವಿಚಾರಣೆಯಲ್ಲೋ ಆಡಳಿತದಲ್ಲಿದ್ದವರ ದುರ್ವ್ಯವಹಾರದಿಂದ, ನಂಬಿಕೆದ್ರೋಹದಿಂದ ಅಥವಾ ಕಾಯಿದೆಗೆ ವಿರುದ್ಧವಾದ ಪಾವತಿಯಿಂದ ಸಂಘಕ್ಕೆ ನಷ್ಟವಾದದ್ದು ಕಂಡುಬಂದರೆ, 69ನೇ ಕಲಮಿನಂತೆ ಆ ಮೊತ್ತವನ್ನು ಅವರಿಂದ ವಸೂಲು ಮಾಡಲು ಅವಕಾಶವಿದೆ. ಅಂದು ನಮಗೆ ತಿಳಿದಿರಲಿಲ್ಲ, ಎಲ್ಲರೂ ಸಹಿ ಹಾಕಿದರೆಂದು ನಾವೂ ಹಾಕಿದೆವು ಎಂಬ ಮಾತು ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಭಿನ್ನಾಭಿಪ್ರಾಯವನ್ನು ನಡವಳಿಯಲ್ಲಿ ಬರೆಸಬೇಕು. ಬರೆಸಿದ ಮೇಲೆ ಬಹುಮತದ ಠರಾವಿಗೆ ತಲೆಬಾಗಬೇಕು. ರಥಬೀದಿಯಲ್ಲಿ ನಿಂತು, "ನಾನು ಬೇಡ ಅಂದಿದ್ದೆ" ಎಂದು ಸಾರುವುದಲ್ಲ.

ನೌಕರಿಯಿಂದ ಬಂದವರಿಗೆ ಇನ್ನೊಂದು ತೊಡಕು, ಅದು ಕಾಯಿದೆಯದಲ್ಲ, ನಂಟಿನದು. ಮ್ಯಾನೇಜರರಿದ್ದ ಊರಿನಲ್ಲಿ ಅವರಿಗೆ ಯಾರೂ ನಂಟರಿರಲಿಲ್ಲ. ಮೂರು ವರ್ಷಕ್ಕೊಮ್ಮೆ ವರ್ಗ. ಇಲ್ಲಿ ಸುಸ್ತಿದಾರರ ಪಟ್ಟಿ ಓದಿದರೆ ಅದರಲ್ಲಿ ಭಾವ, ಷಡ್ಡಕ, ಬೇಲಿಯಾಚೆಯ ಮನೆಯವರು. ಸ್ವಂತದವರ ಅರ್ಜಿ ಬಂದಾಗ, "ಇದರಲ್ಲಿ ನನಗೆ ಸಂಬಂಧವಿದೆ" ಎಂದು ಹೇಳಿ ಹೊರಗೆ ಹೋಗಿ ನಿಲ್ಲುವ ನಿರ್ದೇಶಕರನ್ನು ನಾವು ಕಂಡಿದ್ದೇವೆ. ಮರುದಿನ ಮನೆಯಲ್ಲಿ ಅವರಿಗೆ ಊಟ ರುಚಿಸಿರಲಿಕ್ಕಿಲ್ಲ. ಆದರೂ ಆ ಮಂಡಳಿಯ ವಸೂಲಿ ಚೆನ್ನಾಗಿತ್ತು.

ಮತ ಕೇಳುವುದು ಬೇಡ, ತಿಳಿವಳಿಕೆ ಮಾತ್ರ ಕೊಡುತ್ತೇವೆ ಎನ್ನುವವರಿಗೂ ದಾರಿಯುಂಟು. ಸಂವಿಧಾನದ 97ನೇ ತಿದ್ದುಪಡಿ 2012ರಲ್ಲಿ ಜಾರಿಗೆ ಬಂದಾಗ, ಬ್ಯಾಂಕಿಂಗ್, ಆಡಳಿತ, ಹಣಕಾಸು ಮುಂತಾದವುಗಳಲ್ಲಿ ಅನುಭವವುಳ್ಳ ಇಬ್ಬರನ್ನು ಮಂಡಳಿಗೆ ಸೇರಿಸಿಕೊಳ್ಳುವ ಏರ್ಪಾಡನ್ನು ಅದು ಹೇಳಿತ್ತು. ಅವರಿಗೆ ಮತದ ಹಕ್ಕಿಲ್ಲ. ಆ ಭಾಗ ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತಾದರೂ, ನಮ್ಮ ರಾಜ್ಯದ ಕಾಯಿದೆ ಅಷ್ಟರಲ್ಲಿ ತನ್ನದೇ ತಿದ್ದುಪಡಿ ಮಾಡಿಕೊಂಡಿತ್ತು. ಮತವಿಲ್ಲದ ನಿರ್ದೇಶಕರು ಕೆಲಸಕ್ಕೆ ಬಾರದವರೆಂದು ಕೆಲವರ ಅಭಿಪ್ರಾಯ. ನಮ್ಮ ಅನುಭವ ಬೇರೆ: ಮತವಿಲ್ಲದವರು ಗುಂಪು ಕಟ್ಟುವ ಗೋಜಿಗೆ ಹೋಗದೆ ಲೆಕ್ಕವನ್ನೇ ನೋಡುತ್ತಾರೆ.

ಮಂಡಳಿಯ ಕೆಲಸ ಯಾವುದು, ಸಿಬ್ಬಂದಿಯ ಕೆಲಸ ಯಾವುದು ಎಂಬ ಗೆರೆ ಎಲ್ಲಿ ಎಂದು ಕೇಳುವವರಿಗೆ ನಾವು ಕ್ಯಾಂಪ್ಕೋ ಸಂಸ್ಥೆಯನ್ನು ತೋರಿಸುತ್ತೇವೆ. ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗೆಟ್ಟ ಕಾಲದಲ್ಲಿ, 1973ರ ಜುಲೈ 11ರಂದು ಮಂಗಳೂರಿನಲ್ಲಿ ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ ಅದು ಹುಟ್ಟಿತು. ಸ್ಥಾಪಕ ಅಧ್ಯಕ್ಷರಾದ ವಾರಣಾಶಿ ಸುಬ್ರಾಯ ಭಟ್ಟರು ಸ್ವತಃ ಕೃಷಿಕರು. ಮುಂದೆ ಕೊಕ್ಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಗಿಡ ಕಡಿಯುವ ಹಂತಕ್ಕೆ ಬಂದಾಗ ಸಂಸ್ಥೆ ಕೊಕ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಆಯಿತು. ಕೊಕ್ಕೋ ಕೊಳ್ಳಬೇಕೆ, ಕಾರ್ಖಾನೆಗೆ ಸದಸ್ಯರ ದುಡ್ಡು ಹಾಕಬೇಕೆ ಎಂಬುದು ಮಂಡಳಿ ತಲೆ ಕೆಡಿಸಿಕೊಳ್ಳಬೇಕಾದ ವಿಷಯ. ಇಂದು ಬಂದ ಚೀಲದ ಬೀಜ ಒಣಗಿದೆಯೇ ಎಂದು ಕೈ ಹಾಕಿ ನೋಡುವುದು ಸಿಬ್ಬಂದಿಯ ವಿಷಯ. ನಮ್ಮ ಸಂಘದಲ್ಲಿ ಚಾಲಿಗೂ ಅದೇ ಗೆರೆ.

ನಮ್ಮ ಈಗಿನ ಮಂಡಳಿಯಲ್ಲಿಯೂ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದಾರೆ. ಮೊದಲ ವರ್ಷ ಅವರು ನಮ್ಮ ಖಾತೆ ಪುಸ್ತಕದ ಗೆರೆಗಳನ್ನು ಸಹ ಬದಲಿಸಹೊರಟು ನಮಗೂ ಅವರಿಗೂ ಮಾತು ಬಿಡುವಷ್ಟಾಗಿತ್ತು. ಈಗ ಸಭೆಗೆ ಒಂದು ವಾರ ಮುಂಚೆ ಕಾಗದ ಕೇಳಿ ಪಡೆಯುತ್ತಾರೆ, ಸಭೆಯಲ್ಲಿ ಎರಡೋ ಮೂರೋ ಪ್ರಶ್ನೆ ಕೇಳುತ್ತಾರೆ. ಕಳೆದ ಮಳೆಗಾಲದ ಸಭೆಯಲ್ಲಿ, "ಕಾರ್ಯದರ್ಶಿಗಳೇ, ವಖಾರಿಯ ವಿಮೆ ಯಾವ ತಾರೀಖಿನವರೆಗೆ ಇದೆ?" ಎಂದರು. ನೋಡಿ ಹೇಳುತ್ತೇವೆಂದು ಕಪಾಟು ತೆರೆದೆವು. ಅವಧಿ ಮುಗಿದು ಹನ್ನೊಂದು ದಿನವಾಗಿತ್ತು. ನವೀಕರಿಸಬೇಕಾದವರು ನಾವೇ. ಅವರು ಗದರಲಿಲ್ಲ, ವಿಮಾ ಕಚೇರಿಗೆ ತಾವೇ ಓಡಲೂ ಇಲ್ಲ. ಮೂರು ದಿನದೊಳಗೆ ನವೀಕರಿಸಿ ಅಧ್ಯಕ್ಷರಿಗೆ ವರದಿ ಮಾಡಬೇಕೆಂದೂ, ವಿಮೆಗಳ ತಾರೀಖಿನ ಪಟ್ಟಿಯನ್ನು ಪ್ರತಿ ಸಭೆಯಲ್ಲಿ ಮಂಡಿಸಬೇಕೆಂದೂ ಠರಾವು ಬರೆಸಿದರು. ಮರುದಿನವೇ ಹಣ ಕಟ್ಟಿದೆವು. ಪಟ್ಟಿ ಈಗ ಪ್ರತಿ ತಿಂಗಳೂ ಮಂಡನೆಯಾಗುತ್ತಿದೆ.

ಮುಂದಿನ ಅವಧಿಗೆ ನಿಲ್ಲುವ ಮನಸ್ಸುಳ್ಳ ಸದಸ್ಯರು ಸಂಘದ ಉಪವಿಧಿಗಳ ಪ್ರತಿಯನ್ನೂ ಹಿಂದಿನ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿಗಳನ್ನೂ ಕಚೇರಿಯಲ್ಲಿ ಕುಳಿತು ಓದಬಹುದು. ಮಧ್ಯಾಹ್ನ ಮೂರರ ಮೇಲೆ ಬಂದರೆ ಗಲಾಟೆ ಕಡಿಮೆ.